ಅಜ್ಜನ ನಲವತ್ತು ಹೆಜ್ಜೆ

ಕಳೆದ ವರ್ಷದ ನವೆಂಬರ್. ಭತ್ತ ಹಾಲುಗಟ್ಟಿ ತೆನೆ ಬಾಗುವ ಸಮಯ. ನಾವು ಮೂವರು ಗದ್ದೆಯಂಚಿನ ಅಟ್ಟಣೆಯಲ್ಲಿ ಕಂಬಳಿ ಹೊದ್ದು ಕೂತಿದ್ದೆವು. ರಾತ್ರಿ ಹನ್ನೊಂದು ದಾಟಿರಬೇಕು, ಕೆಳಗಿನ ಗದ್ದೆಯಲ್ಲಿ ಪಚಪಚ ಸದ್ದು ಶುರುವಾಯಿತು. ಟಾರ್ಚ್ ಹಾಯಿಸಿದೆವು. ಹಂದಿಯ ಕಣ್ಣು ಜಿಂಕೆಯ ಕಣ್ಣಿನ ಹಾಗೆ, ದನದ ಕಣ್ಣಿನ ಹಾಗೆ ಬೆಳಕಿಗೆ ಹೊಳೆಯುವುದಿಲ್ಲ. ಭತ್ತದ ನಡುವೆ ಅಲುಗಾಡುವ ಕಪ್ಪು ಬೆನ್ನುಗಳು ಮಾತ್ರ ಕಂಡವು. ನಾಲ್ಕೋ ಐದೋ ಇದ್ದವು.

ಪಕ್ಕದ ಗದ್ದೆಯ ಮಾವ ಅಟ್ಟಣೆಯ ಕೆಳಗೆ ನಿಂತು ಪಿಸುಗುಟ್ಟಿದರು. "ತೆಂಗಿನಕಾಯಿಗೆ ಹೊಡೆದು ಕಪ್ ತಂದವರಲ್ವಾ ನೀವು? ಈಗ ಹೊಡೀರಿ ನೋಡುವ."

ಕೋವಿ ಪಕ್ಕದಲ್ಲೇ ಇತ್ತು. ಹಂದಿಗಳು ಈಗೀಗ ಪಟಾಕಿಗೆ ಹೆದರುವುದಿಲ್ಲ, ಗಾಳಿಯಲ್ಲಿ ಒಂದು ಈಡು ಹಾರಿಸಿ ಓಡಿಸೋಣ ಎಂದು ತಂದಿದ್ದೆವು. ಮಾವನ ಮಾತು ಕೇಳಿದ ಮೇಲೆ ಕೈ ಬೇರೆಯದೇ ಯೋಚನೆಯಿಂದ ಕೋವಿಯ ಮೇಲೆ ಹೋಯಿತು. ಸುಳ್ಳು ಹೇಳುವುದಿಲ್ಲ.

ಆ ರಾತ್ರಿ ಏನಾಯಿತು ಎಂದು ಹೇಳುವ ಮೊದಲು ಆ ಕೈ ಹೇಗೆ ತಯಾರಾಗಿತ್ತು ಎಂದು ಹೇಳಬೇಕು.

ನಮ್ಮ ಮನೆ, ನಮ್ಮ ಕೋವಿ

ನಾವು ಮೂವರು ಒಂದೇ ಮನೆಯ ಅಣ್ಣತಮ್ಮಂದಿರ ಮಕ್ಕಳು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಒಬ್ಬರು ಪತ್ರಿಕೋದ್ಯಮ ಓದಿದವರು, ಇನ್ನಿಬ್ಬರು ಕಾಫಿ, ಗದ್ದೆ ನೋಡಿಕೊಳ್ಳುವವರು. ಇದನ್ನು ಮೂವರೂ ಕೂತು ಬರೆದದ್ದು, ಹಾಗಾಗಿ ಎಲ್ಲ ಕಡೆ 'ನಾವು' ಎಂದೇ ಇದೆ.

ಊರು ಕೊಡಗಿನಲ್ಲಿ. ದೇಶದ ಬೇರೆ ಕಡೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ನಮ್ಮ ಜಿಲ್ಲೆಯಲ್ಲಿ ಕೊಡವರಿಗೆ ಮತ್ತು ಜಮ್ಮ ಹಿಡುವಳಿದಾರರಿಗೆ ಆ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ನಮ್ಮ ಮನೆಯ ಕೋವಿಗಳು ನಮ್ಮಲ್ಲಿ ದೊಡ್ಡವನ ಹೆಸರಿನಲ್ಲಿವೆ. ಒಂದು ಜೋಡಿ ನಳಿಗೆಯ 12 ಬೋರ್, ಒಂದು ಪಾಯಿಂಟ್ 22 ರೈಫಲ್.

ನಾಟಿ ಮುಗಿದು ಮೈಕೈ ನೋವು ಇಳಿಯುವ ಹೊತ್ತಿಗೆ, ಸೆಪ್ಟೆಂಬರ್ ಮೊದಲಲ್ಲಿ, ಕೈಲ್ ಮುಹೂರ್ತ ಬರುತ್ತದೆ. ಕೋವಿ ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಹಿಂದೆ ಆ ದಿನದ ನಂತರ ಕೋವಿ ಹಿಡಿದು ಬೇಟೆಗೆ, ಬೆಳೆ ಕಾಯಲು ಹೊರಡುತ್ತಿದ್ದರು. ಈಗ ಬೇಟೆ ಇಲ್ಲ. ಪಂದಿಕರಿಗೆ ಅಂಗಡಿಯ ಸಾಕು ಹಂದಿ. ಉಳಿದದ್ದು ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಮ್ಮೂರಲ್ಲಿ 12 ಬೋರಿಗೆ ಸುಮಾರು 30 ಮೀಟರ್, ಪಾಯಿಂಟ್ 22ಕ್ಕೆ 50 ಮೀಟರ್. ಮಕ್ಕಳಿಗೆ ಏರ್‌ಗನ್ನಿನಲ್ಲಿ ಮೊಟ್ಟೆ. ಎರಡು ವರ್ಷ ನಮ್ಮ ಮನೆಗೆ ಕಪ್ ಬಂದಿದೆ, ಒಂದು ಸಲ ತಂದವಳು ನಮ್ಮಲ್ಲಿನ ಹುಡುಗಿ.

ಆ ಕಪ್ ನೋಡಿಯೇ ಮಾವ 'ಹೊಡೀರಿ' ಎಂದದ್ದು.

ಅಜ್ಜನ ಕಡವೆ

ನಮ್ಮ ಅಜ್ಜ ಬೇಟೆಗಾರರು. ಆಗ ಅದು ಅಪರಾಧವಾಗಿರಲಿಲ್ಲ. ಅವರ ಕಥೆಗಳಲ್ಲಿ ಹೊಡೆದ ಹಂದಿ, ತಂದ ಕಡವೆ ಬೇಕಾದಷ್ಟು ಇದ್ದವು. ಒಂದು ಕಥೆಯನ್ನು ಮಾತ್ರ ಅವರು ನಮಗೆ ಹೇಳಿರಲಿಲ್ಲ, ದೊಡ್ಡಪ್ಪ ಹೇಳಿದರು.

ಅರವತ್ತರ ದಶಕ. ತೋಡಿನ ಆಚೆ ದಿಬ್ಬದಲ್ಲಿ ಒಂದು ಗಂಡು ಕಡವೆ ನಿಂತಿತ್ತು. ದೂರ ಜಾಸ್ತಿ ಎಂದು ಅಜ್ಜನಿಗೆ ಗೊತ್ತಿತ್ತು. ಜೊತೆಗಿದ್ದವರು 'ನೋಡುವ, ನೋಡುವ' ಎಂದರು. ಹೊಡೆದರು. ಕಡವೆ ಮುಂಗಾಲು ಮಡಚಿ ಕುಸಿಯಿತು, ಎದ್ದಿತು, ಕಾಡು ಹೊಕ್ಕಿತು. ಕತ್ತಲಾಗುವವರೆಗೆ ರಕ್ತದ ಹನಿ ಹಿಡಿದು ಹುಡುಕಿದರು. ರಾತ್ರಿ ಮಳೆ ಬಂದು ಗುರುತೆಲ್ಲ ತೊಳೆದುಹೋಯಿತು. ಆರನೆಯ ದಿನ ಹದ್ದುಗಳು ಸುತ್ತುವುದನ್ನು ನೋಡಿ ಹೋದಾಗ ತೋಡಿನ ನೀರಿನ ಹತ್ತಿರ ಸತ್ತು ಬಿದ್ದಿತ್ತು. ಚರೆ ತಗುಲಿದ್ದು ಕೆಳದವಡೆಗೆ. ದವಡೆ ಮುರಿದಿತ್ತು. ನೀರಿನ ಪಕ್ಕದಲ್ಲೇ ಇದ್ದರೂ ಅದಕ್ಕೆ ಮೇಯಲು ಆಗಿರಲಿಲ್ಲ.

ಅಜ್ಜ ಅಲ್ಲಿಂದಲೇ ತಾವು ಹೊಡೆದ ಜಾಗಕ್ಕೆ ಹೋಗಿ ದೂರವನ್ನು ಹೆಜ್ಜೆ ಹಾಕಿ ಅಳೆದರಂತೆ. ನೂರ ಹತ್ತು ಹೆಜ್ಜೆ. ಮನೆಗೆ ಬಂದು ಜಗಲಿಯಿಂದ ನಲವತ್ತು ಹೆಜ್ಜೆ ನಡೆದರು. ಅಲ್ಲಿ ಒಂದು ಎಳೆಯ ಹಲಸಿನ ಮರ ಇತ್ತು. ಅದಕ್ಕೆ ಒಂದು ಸುತ್ತು ಕಬ್ಬಿಣದ ತಂತಿ ಕಟ್ಟಿ ಹೇಳಿದ್ದು ಇಷ್ಟು: "ಈ ಮರದಿಂದ ಆಚೆ ಇರುವುದು ನಮ್ಮದಲ್ಲ."

ನಲವತ್ತು ಹೆಜ್ಜೆ ಎಂದರೆ ಸುಮಾರು 30 ಮೀಟರ್. ಅಜ್ಜ ಪುಸ್ತಕ ಓದಿದವರಲ್ಲ, ಆದರೂ ಲೆಕ್ಕ ಸರಿಯಾಗಿತ್ತು. 12 ಬೋರಿನ ಚರೆ ದೂರ ಹೋದಷ್ಟೂ ಹರಡುತ್ತದೆ, ವೇಗ ಕಳೆದುಕೊಳ್ಳುತ್ತದೆ. 35 ಮೀಟರ್ ಆಸುಪಾಸಿನ ನಂತರ ಅದು ಕೊಲ್ಲುವುದಕ್ಕಿಂತ ಗಾಯ ಮಾಡುವುದೇ ಹೆಚ್ಚು.

ಗಾಯಗೊಂಡ ಪ್ರಾಣಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇತಿಹಾಸದಲ್ಲೇ ಉದಾಹರಣೆ ಇದೆ. ಕುಮಾವೂ ಬೆಟ್ಟಗಳಲ್ಲಿ ಜಿಮ್ ಕಾರ್ಬೆಟ್ 1907ರಲ್ಲಿ ಹೊಡೆದ ಚಂಪಾವತ್‌ನ ಹೆಣ್ಣು ಹುಲಿ 436 ಜನರನ್ನು ಕೊಂದಿತ್ತು ಎಂದು ದಾಖಲೆ. ಸತ್ತ ಮೇಲೆ ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು. ಯಾರೋ ಎಂದೋ ಹೊಡೆದ ಗುಂಡಿನ ಗಾಯ ಅದು, ತನ್ನ ಸಹಜ ಬೇಟೆ ಹಿಡಿಯಲಾಗದೆ ಅದು ಮನುಷ್ಯರ ಕಡೆ ತಿರುಗಿತು ಎಂದು ಕಾರ್ಬೆಟ್ ಬರೆದಿದ್ದಾರೆ. ಕಾಫಿ ತೋಟದಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಯದ ಹಂದಿ ಗಿಡದ ಬುಡದಲ್ಲಿ ಮಲಗಿರುತ್ತದೆ. ಬೆಳಿಗ್ಗೆ ಅಲ್ಲಿಗೆ ಹೋಗುವವರು ಕೋವಿ ಹಿಡಿದವರಲ್ಲ, ಹಣ್ಣು ಕೊಯ್ಯುವ ಹೆಂಗಸರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಜ್ಜ ಬೇಟೆ ಬಿಟ್ಟರು. ಗುರಿ ಅಭ್ಯಾಸ ಬಿಡಲಿಲ್ಲ. ಅದು ದೊಡ್ಡಪ್ಪನಿಗೆ ಬಂತು, ದೊಡ್ಡಪ್ಪನಿಂದ ನಮಗೆ.

ಭಾನುವಾರದ ಒಂದೇ ಈಡು

ದೊಡ್ಡಪ್ಪನ ಪಾಠದಲ್ಲಿ ಮೊದಲ ಎರಡು ತಿಂಗಳು ತೋಟಾ ಇರಲಿಲ್ಲ. ಖಾಲಿ ಕೋವಿ. ನಾವೇ ತೆರೆದು, ಬೆರಳು ಹಾಕಿ, ಖಾಲಿ ಎಂದು ಎರಡು ಸಲ ನೋಡಬೇಕು. ಆಮೇಲೆ ಒಬ್ಬರು ಗುರಿ ಹಿಡಿಯುವುದು, ಇನ್ನೊಬ್ಬರು ರೈಫಲಿನ ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಡುವುದು. ಟ್ರಿಗರ್ ಎಳೆದಾಗ ನಾಣ್ಯ ಬೀಳಬಾರದು. ಮೊದಲ ವಾರ ನಾಣ್ಯ ಅಂಗಳ ತುಂಬ ಉರುಳಿತು. ಟ್ರಿಗರನ್ನು ಎಳೆಯುವುದಲ್ಲ, ಹಸುವಿನ ಮೊಲೆ ಹಿಂಡುವ ಹಾಗೆ ನಿಧಾನ ಒತ್ತುವುದು, ಕೋವಿ ಸಿಡಿದದ್ದು ನಿನಗೇ ಗೊತ್ತಾಗಬಾರದು ಎನ್ನುತ್ತಿದ್ದರು. ಉಸಿರು ಅರ್ಧ ಬಿಟ್ಟು ಅಲ್ಲೇ ನಿಲ್ಲಿಸು. ಆರೇಳು ಎಣಿಸುವಷ್ಟರಲ್ಲಿ ಗುಂಡು ಹೋಗದಿದ್ದರೆ ಕೋವಿ ಇಳಿಸು, ಮತ್ತೆ ಶುರು ಮಾಡು. ಇಳಿಸುವುದಕ್ಕೆ ನಾಚಿಕೆ ಬೇಡ.

ನಂತರ ಬಂದದ್ದು ದೂರ ಊಹಿಸುವ ಆಟ. ಡೈರಿಗೆ ಹಾಲು ಕೊಡಲು ಹೋಗುವಾಗ ಮುಂದಿನ ಸಿಲ್ವರ್ ಮರಕ್ಕೆ ಎಷ್ಟು ಹೆಜ್ಜೆ ಎಂದು ಮೂವರೂ ಹೇಳಬೇಕು. ಆಮೇಲೆ ಎಣಿಸಿಕೊಂಡು ನಡೆಯಬೇಕು. ನಮ್ಮ ಲೆಕ್ಕ ಹೆಚ್ಚೂಕಡಿಮೆ ಯಾವಾಗಲೂ ತಪ್ಪುತ್ತಿತ್ತು. ಬಯಲಿನ ಆಚೆ, ತಗ್ಗಿನ ಆಚೆ ಇರುವುದೆಲ್ಲ ಹತ್ತಿರ ಇದ್ದ ಹಾಗೆ ಕಾಣುತ್ತದೆ. ಇದಕ್ಕೆ ಕಾಸೂ ಬೇಡ, ಕೋವಿಯೂ ಬೇಡ, ನೀವೂ ಆಡಿ ನೋಡಬಹುದು.

ಗುಂಡು ಹೊಡೆಯಲು ಬಿಟ್ಟ ಮೇಲೆ ನಮಗೆ ಬೇಗ ಹೆಮ್ಮೆ ಬಂತು. ಮಣ್ಣಿನ ಬರೆಗೆ ಒರಗಿಸಿ ಇಟ್ಟ ಕಾಯಿಗೆ 50 ಮೀಟರಿನಿಂದ ಹತ್ತಕ್ಕೆ ಒಂಬತ್ತು ಹೊಡೆಯುತ್ತಿದ್ದೆವು. ದೊಡ್ಡಪ್ಪ ಒಂದು ನೋಟ್‌ಬುಕ್ ತಂದು ಹೊಸ ನಿಯಮ ಮಾಡಿದರು. ಭಾನುವಾರ ಬೆಳಿಗ್ಗೆ ಒಂದೇ ಗುಂಡು. ಮೊದಲನೆಯದೇ ಕೊನೆಯದು. ಬಿದ್ದರೆ ಬಿತ್ತು ಎಂದು, ತಪ್ಪಿದರೆ ತಪ್ಪಿತು ಎಂದು ತಾರೀಖಿನ ಮುಂದೆ ಬರೆಯಬೇಕು.

ಇಪ್ಪತ್ತಾರು ಭಾನುವಾರ ಆದ ಮೇಲೆ ಎಣಿಸಿದೆವು. ಮೂವರಲ್ಲಿ ಚೆನ್ನಾಗಿ ಹೊಡೆಯುವವರದ್ದೇ 26ಕ್ಕೆ 17. ಉಳಿದವರದ್ದನ್ನು ಇಲ್ಲಿ ಹೇಳುವುದಿಲ್ಲ. ಹತ್ತು ಹೊಡೆದಾಗ ಮೊದಲ ಎರಡು ತಪ್ಪಿದರೂ ಕೈ ಕುದುರಿ ಉಳಿದವು ಬೀಳುತ್ತಿದ್ದವು, ಅದನ್ನೇ ನಮ್ಮ ಗುರಿ ಎಂದುಕೊಂಡಿದ್ದೆವು. ಪ್ರಾಣಿಗೆ ಬೀಳುವುದು ಮೊದಲ ಗುಂಡು. ಕೈ ಕುದುರುವವರೆಗೆ ಅದು ನಿಂತಿರುವುದಿಲ್ಲ.

ಆಮೇಲೆ ಗೇಟಿನಿಂದ ದಿಬ್ಬ ಹತ್ತಿ ಓಡಿಬಂದು ಹೊಡೆಯುವ ಪರೀಕ್ಷೆ. ಎದೆ ಡವಗುಟ್ಟುತ್ತಿರುವಾಗ ಗುರಿ ಕಾಯಿಯ ಮೇಲೆ ನಿಲ್ಲುವುದೇ ಇಲ್ಲ. 12ಕ್ಕೆ 5 ಬಿದ್ದವು. ಬೇಟೆಯಲ್ಲಿ ಎದೆ ಹೊಡೆದುಕೊಳ್ಳಲು ಓಡಲೂ ಬೇಕಿಲ್ಲ, ಪ್ರಾಣಿ ಕಂಡರೆ ಸಾಕು ಎಂದು ದೊಡ್ಡಪ್ಪ ನಕ್ಕರು.

ಸಾವಿರ ಮೀಟರಿನ ರೀಲ್ಸ್

ನಮ್ಮೂರ ಹುಡುಗರ ಫೋನಿನಲ್ಲಿ ಈಗ ವಿದೇಶಿ ಬೇಟೆಯ ರೀಲ್ಸ್ ಬರುತ್ತವೆ. ಬೆಟ್ಟದ ಈ ಬದಿಯಲ್ಲಿ ಮಲಗಿ, ದುರ್ಬೀನು ಹಾಕಿದ ರೈಫಲಿನಿಂದ ಆ ಬದಿಯ ಪ್ರಾಣಿಗೆ ಹೊಡೆಯುತ್ತಾರೆ. ಎಂಟುನೂರು ಮೀಟರ್, ಸಾವಿರ ಮೀಟರ್. 'ನೀವು ನಲವತ್ತು ಹೆಜ್ಜೆ ಎಂದು ಕೂತಿದ್ದೀರಿ' ಎಂದು ನಮಗೆ ತಮಾಷೆ ಮಾಡುತ್ತಾರೆ. ಲೆಕ್ಕ ಹಾಕಿ ತೋರಿಸಿದೆವು. ನಿಮಗೂ ಹೇಳುತ್ತೇವೆ.

ಗುಂಡು ನೇರ ಹೋಗುವುದಿಲ್ಲ. ನಳಿಗೆ ಬಿಟ್ಟ ಕ್ಷಣದಿಂದ ಕೈಬಿಟ್ಟ ಕಲ್ಲಿನ ಹಾಗೆ ಬೀಳುತ್ತಾ ಹೋಗುತ್ತದೆ. ದೊಡ್ಡ ರೈಫಲಿನ ಗುಂಡು ಸೆಕೆಂಡಿಗೆ ಸರಾಸರಿ 800 ಮೀಟರ್ ಹೋದರೂ 400 ಮೀಟರ್ ದಾಟಲು ಅರ್ಧ ಸೆಕೆಂಡ್ ಬೇಕು. ಅರ್ಧ ಸೆಕೆಂಡಿನಲ್ಲಿ ಯಾವ ವಸ್ತುವಾದರೂ 1.2 ಮೀಟರ್ ಕೆಳಗೆ ಬೀಳುತ್ತದೆ. ಆ ಲೆಕ್ಕ ಹಿಡಿದು ನಳಿಗೆಯನ್ನು ಅಷ್ಟು ಮೇಲೆ ಮಾಡಬೇಕು. ದೂರದ ಅಂದಾಜು ಸ್ವಲ್ಪ ತಪ್ಪಿದರೆ ಎದೆಗೆ ಹೋಗಬೇಕಾದದ್ದು ಹೊಟ್ಟೆಗೆ ಹೋಗುತ್ತದೆ. ನಮ್ಮ ಪಾಯಿಂಟ್ 22 ಇನ್ನೂ ನಿಧಾನ. 50 ಮೀಟರಿಗೆ ಸರಿಹೊಂದಿಸಿದ್ದು 100 ಮೀಟರಿಗೆ ಅರ್ಧ ಅಡಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಅಡ್ಡಗಾಳಿ ಇದ್ದರೆ ನಾಲ್ಕೈದು ಇಂಚು ಪಕ್ಕಕ್ಕೂ ಸರಿಯುತ್ತದೆ.

ಕೈಯ ತಪ್ಪೂ ದೂರದ ಜೊತೆ ಬೆಳೆಯುತ್ತದೆ. 30 ಮೀಟರಿನಲ್ಲಿ ನಿಮ್ಮ ಗುಂಡುಗಳೆಲ್ಲ 12 ಸೆಂ.ಮೀ. ವೃತ್ತದಲ್ಲಿ, ಅಂದರೆ ತೆಂಗಿನಕಾಯಿಯಷ್ಟು ಜಾಗದಲ್ಲಿ ಬೀಳುತ್ತವೆ ಎನ್ನಿ. ಅದೇ ಕೈ 60 ಮೀಟರಿಗೆ ಹೋದರೆ ವೃತ್ತ 24 ಸೆಂ.ಮೀ. ಆಗುತ್ತದೆ. 90ಕ್ಕೆ 36. ಹಂದಿಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಗೇಣಿನಷ್ಟು ಮಾತ್ರ. ಉಳಿದದ್ದೆಲ್ಲ ಹೊಟ್ಟೆ, ಕಾಲು, ದವಡೆ.

ಕೈ ಎಷ್ಟು ಪಳಗಿದರೂ ಒಂದು ವಿಷಯ ನಮ್ಮ ಹಿಡಿತದಲ್ಲಿಲ್ಲ. ಗುಂಡು ದಾರಿಯಲ್ಲಿರುವಾಗ ಪ್ರಾಣಿ ಒಂದು ಹೆಜ್ಜೆ ಇಡಬಹುದು. ಸಾವಿರ ಮೀಟರಿಗೆ ಗುಂಡು ಮುಟ್ಟಲು ಒಂದು ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಜಿಂಕೆ ತಲೆ ಎತ್ತಿ, ತಿರುಗಿ, ಹೆಜ್ಜೆ ಹಾಕಿರುತ್ತದೆ. ಯಾವ ಅಭ್ಯಾಸವೂ ಇದನ್ನು ಸರಿಮಾಡುವುದಿಲ್ಲ.

ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲೂ ಇದರ ಚರ್ಚೆ ಇದೆ. ಅಮೆರಿಕದಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಜೊತೆಗಾರರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಗಾರರದೇ ಸಂಘ. ಪ್ರಾಣಿಗೆ ತನ್ನ ಕಣ್ಣು, ಕಿವಿ, ಮೂಗು ಬಳಸಿ ತಪ್ಪಿಸಿಕೊಳ್ಳಲು ಅವಕಾಶವೇ ಇಲ್ಲದಷ್ಟು ದೂರದಿಂದ ಹೊಡೆಯುವುದು ನ್ಯಾಯದ ಬೇಟೆ ಅಲ್ಲ ಎಂಬುದು ಅವರ ನಿಲುವು. ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಪ್ರತಿ ವರ್ಷ ಗುರಿ ಪರೀಕ್ಷೆ ಪಾಸಾಗಬೇಕು. ಮೊದಲು 30 ಗುಂಡು ಅಭ್ಯಾಸ ಕಡ್ಡಾಯ. ಆಮೇಲೆ 100 ಮೀಟರ್ ದೂರದ ಪ್ರಾಣಿಯ ಆಕೃತಿಗೆ 5 ಗುಂಡು. ಐದೂ 30 ಸೆಂ.ಮೀ. ವೃತ್ತದೊಳಗೆ, ಅಂದರೆ ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳಬೇಕು. ಒಂದು ಹೊರಗೆ ಹೋದರೂ ಫೇಲ್. ಗಾಯಗೊಂಡ ಪ್ರಾಣಿಯನ್ನು ಹುಡುಕಲು ತರಬೇತಾದ ನಾಯಿಯ ಏರ್ಪಾಡನ್ನೂ ಮಾಡಿಕೊಂಡಿರಬೇಕು.

ರೀಲ್ಸಿನಲ್ಲಿ ಬಿದ್ದ ಗುಂಡು ಮಾತ್ರ ಇರುತ್ತದೆ. ತಪ್ಪಿದ್ದನ್ನು ಯಾರೂ ಹಾಕುವುದಿಲ್ಲ.

ಆ ರಾತ್ರಿ, ಆ ಬೆಳಿಗ್ಗೆ

ಮತ್ತೆ ಅಟ್ಟಣೆಗೆ ಬರೋಣ. ಕಾನೂನು ನಮಗೆ ಗೊತ್ತಿತ್ತು. ಬೆಳೆ ಹಾಳು ಮಾಡುವ ಹಂದಿಯಾದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ನಮ್ಮ ಹತ್ತಿರ ಅನುಮತಿ ಇರಲಿಲ್ಲ. ಆದರೂ ನೇರವಾಗಿ ಹೇಳಬೇಕೆಂದರೆ ಆ ಕ್ಷಣ ಕೈ ತಡೆದದ್ದು ಕಾನೂನು ಅಲ್ಲ. ಆರು ತಿಂಗಳ ಬೆವರು ಕಣ್ಣೆದುರೇ ಹೋಗುತ್ತಿರುವಾಗ ಕಾನೂನು ದೂರದಲ್ಲಿರುತ್ತದೆ.

ನಮ್ಮಲ್ಲಿ ಒಬ್ಬ ಕೋವಿ ಎತ್ತಿದ. ಇನ್ನೊಬ್ಬ ಮೆಲ್ಲಗೆ ಕೇಳಿದ: "ಎಷ್ಟು ಹೆಜ್ಜೆ?"

ಡೈರಿ ದಾರಿಯಲ್ಲಿ ನೂರಾರು ಸಲ ಕೇಳಿದ ಪ್ರಶ್ನೆ. ಐವತ್ತು ಎಂದ ಒಬ್ಬ. ಅರವತ್ತು ಎಂದಳು ಅವಳು. ಐವತ್ತಾದರೂ ಹಲಸಿನ ಮರದಿಂದ ಆಚೆ. ಕೋವಿ ಇಳಿಯಿತು. ಕೂಗಿದೆವು, ತಗಡು ಬಡಿದೆವು, ಆಕಾಶಕ್ಕೆ ಒಂದು ಈಡು ಹಾರಿಸಿದೆವು. ಹಂದಿಗಳು ಹೋದವು, ಮೂರು ಗಂಟೆಗೆ ಮತ್ತೆ ಬಂದವು. ಮಾವ ಏನೂ ಮಾತಾಡದೆ ಮನೆಗೆ ಹೋದರು.

ಬೆಳಿಗ್ಗೆ ಬದುವಿನ ಮೇಲೆ ಹೆಜ್ಜೆ ಹಾಕಿ ಅಳೆದೆವು. ಎಂಬತ್ತಮೂರು. ಹಂದಿಗಳು ನಿಂತಿದ್ದ ಜಾಗದಲ್ಲಿ ನಿಂತು ಅಟ್ಟಣೆಯ ಗೆರೆಯಲ್ಲೇ ಮುಂದೆ ನೋಡಿದಾಗ ಸರಿಯಾಗಿ ಹಿಂದೆ, ಇನ್ನೂ ಇನ್ನೂರು ಹೆಜ್ಜೆಯಲ್ಲಿ, ತೋಟದ ಲೈನ್ ಮನೆಗಳು. ಹೊರಗೆ ಒಬ್ಬ ಹೆಂಗಸು ಮಗುವಿಗೆ ಮುಖ ತೊಳೆಸುತ್ತಿದ್ದಳು. ರಾತ್ರಿ ಆ ದಿಕ್ಕಿನಲ್ಲಿ ಕತ್ತಲು ಮಾತ್ರ ಇತ್ತು. ಮೂವರಲ್ಲಿ ಯಾರಿಗೂ ಆ ಮನೆಗಳು ನೆನಪಾಗಿರಲಿಲ್ಲ. ಕಾಯಿಯ ಹಿಂದೆ ಯಾವಾಗಲೂ ಮಣ್ಣಿನ ಬರೆ ಇಟ್ಟೇ ಅಭ್ಯಾಸ ಮಾಡಿದವರು ನಾವು. ಗುಂಡು ತಪ್ಪಿದರೆ ಎಲ್ಲಿ ನಿಲ್ಲುತ್ತದೆ ಎಂದು ಕೇಳುವುದನ್ನೇ ಮರೆತಿದ್ದೆವು. ಪಾಯಿಂಟ್ 22ರ ಸಣ್ಣ ಗುಂಡು ಕೂಡ ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗಬಲ್ಲದು.

ದೊಡ್ಡಪ್ಪನಿಗೆ ಹೇಳಿದೆವು. ಬೈಯಲಿಲ್ಲ. ನೋಟ್‌ಬುಕ್ ತರಿಸಿ ಆ ತಾರೀಖಿನ ಮುಂದೆ ತಾವೇ ಬರೆದರು: 'ಹೊಡೆಯಲಿಲ್ಲ. 83.'

ಆ ಗದ್ದೆಯಲ್ಲಿ ನಮಗೂ ಮಾವನಿಗೂ ಅರ್ಧಕ್ಕರ್ಧ ಭತ್ತ ಹೋಯಿತು. ಪರಿಹಾರಕ್ಕೆ ಅರ್ಜಿ ಕೊಟ್ಟೆವು. ಮಾವ ಈ ವರ್ಷ ಆ ಗದ್ದೆಯನ್ನು ಪಾಳು ಬಿಟ್ಟಿದ್ದಾರೆ. ನಮ್ಮ ಹತ್ತಿರ ಮಾತಾಡುತ್ತಾರೆ, ಮೊದಲಿನ ಸಲಿಗೆ ಇಲ್ಲ. ಅವರ ಸಿಟ್ಟು ತಪ್ಪು ಎಂದು ನಾವು ಹೇಳಲಾರೆವು. ಹಂದಿ ಕಾಟಕ್ಕೆ ನಮ್ಮ ಹತ್ತಿರ ಪರಿಹಾರವೂ ಇಲ್ಲ. ಪಕ್ಕದ ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಿಗೇ ಅನುಮತಿ ಕೊಡುವ ಅಧಿಕಾರ ಕೊಟ್ಟಿದ್ದಾರೆ, ಅಲ್ಲಿ ಹೊಡೆಯುವವರು ಪಟ್ಟಿಯಲ್ಲಿರುವ, ಲೈಸೆನ್ಸ್ ಇರುವ ಕೋವಿಯವರು. ನಾಳೆ ಇಲ್ಲೂ ಅಂಥದ್ದು ಬಂದರೆ ಪಟ್ಟಿಗೆ ಹೆಸರು ಕೊಡುವ ಮೊದಲು ನಮ್ಮ ನೋಟ್‌ಬುಕ್ಕನ್ನು ನಾವೇ ಒಮ್ಮೆ ತೆರೆದು ನೋಡಬೇಕು.

ನಿಮ್ಮ ಮನೆಯಲ್ಲೂ ಕೋವಿ ಇದ್ದರೆ ಇಷ್ಟು ಮಾಡಿ. ಒಂದು ಭಾನುವಾರ ಒಂದೇ ಗುಂಡು ಹೊಡೆಯಿರಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ. ಬಿದ್ದದ್ದನ್ನೂ ಬರೆಯಿರಿ, ತಪ್ಪಿದ್ದನ್ನೂ ಬರೆಯಿರಿ. ಆರು ತಿಂಗಳಲ್ಲಿ ನಿಮ್ಮ ಹಲಸಿನ ಮರ ಎಲ್ಲಿದೆ ಎಂದು ಗೊತ್ತಾಗುತ್ತದೆ.

ನಮ್ಮ ಮನೆಯ ಹಲಸಿನ ಮರ ಈಗ ತಬ್ಬಿದರೂ ಕೈಗೆ ಸಿಗದಷ್ಟು ದಪ್ಪ ಆಗಿದೆ. ಅಜ್ಜ ಕಟ್ಟಿದ ತಂತಿ ತೊಗಟೆಯೊಳಗೆ ಸೇರಿಹೋಗಿದೆ. ಗುರುತಿನ ಗಂಟು ಕೈಯಾಡಿಸಿದರೆ ಸಿಗುತ್ತದೆ.